ನಾಯಿಯ ಉಗುರು: ಒಂದೇ ದಿನಕ್ಕೆ ಎಲ್ಲ ಬೇಡ, ವಾರಕ್ಕೊಂದು ಚೂರು ಸಾಕು

ಮಾನ್ಯ ಸಂಪಾದಕರೇ,

ನಾಯಿ ಸಾಕುವವರಿಗೆಂದು ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಊಟ, ಲಸಿಕೆ, ಸ್ನಾನದ ಬಗ್ಗೆ ಧಾರಾಳ ಮಾತಿರುತ್ತದೆ. ಉಗುರಿಗೆ ಸಿಗುವುದು ಒಂದೇ ಸಾಲು: ‘ರಕ್ತನಾಳಕ್ಕೆ ತಾಗದಂತೆ ಎಚ್ಚರಿಕೆಯಿಂದ ಕತ್ತರಿಸಿ.’ ಆ ರಕ್ತನಾಳ ಎಲ್ಲಿದೆ, ಉಗುರು ಕಪ್ಪಗಿದ್ದರೆ ಅದನ್ನು ಗುರುತಿಸುವುದು ಹೇಗೆ, ತಾಗಿಯೇಬಿಟ್ಟರೆ ಏನು ಮಾಡಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಜನ ಹೆದರಿ ತಿಂಗಳುಗಟ್ಟಲೆ ಬಿಡುತ್ತಾರೆ. ಆಮೇಲೆ ಒಂದು ದಿನ ಮನೆಮಂದಿಯೆಲ್ಲ ಸೇರಿ ನಾಯಿಯನ್ನು ಅದುಮಿ ಹಿಡಿದು ಬುಡದವರೆಗೆ ಕತ್ತರಿಸುತ್ತಾರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಒಮ್ಮೆ ರಕ್ತ ಬಂತೆಂದರೆ ಆ ನಾಯಿ ಮತ್ತೆ ಸುಲಭಕ್ಕೆ ಕಾಲು ಕೊಡುವುದಿಲ್ಲ.

ಉಗುರಿನ ಹೊರಚಿಪ್ಪಿಗೆ ನೋವಿಲ್ಲ. ಅದರೊಳಗೆ ಬುಡದಿಂದ ತುದಿಯ ಕಡೆಗೆ ರಕ್ತನಾಳ ಮತ್ತು ನರಗಳಿರುವ ಮೆತ್ತನೆಯ ಜೀವಭಾಗವೊಂದು ಚಾಚಿಕೊಂಡಿರುತ್ತದೆ. ಬಲ್ಲವರು ಅದನ್ನು ಕ್ವಿಕ್ ಎನ್ನುತ್ತಾರೆ. ಉಗುರು ಬೆಳೆಯಲು ಬಿಟ್ಟಷ್ಟೂ ಕ್ವಿಕ್ ಕೂಡ ಅದರ ಹಿಂದೆಯೇ ಮುಂದಕ್ಕೆ ಬರುತ್ತದೆ. ಆದ್ದರಿಂದ ಬಹಳ ಬೆಳೆದ ಉಗುರನ್ನು ಒಂದೇ ದಿನದಲ್ಲಿ ಸರಿಯಾದ ಅಳತೆಗೆ ತರಲು ಆಗುವುದೇ ಇಲ್ಲ. ವಾರಕ್ಕೊಮ್ಮೆ ತುದಿಯಿಂದ 1–2 ಮಿಲಿಮೀಟರ್ ತೆಗೆಯುತ್ತ ಹೋದರೆ ಕ್ವಿಕ್ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ, ಕೆಲವು ವಾರಗಳಲ್ಲಿ ಉಗುರು ಹದಕ್ಕೆ ಬರುತ್ತದೆ. ಆಮೇಲೆ ಮೂರು–ನಾಲ್ಕು ವಾರಕ್ಕೊಮ್ಮೆ ಕತ್ತರಿಸಿದರೂ ನಡೆಯುತ್ತದೆ.

ನಾಯಿ ಗಟ್ಟಿ ನೆಲದ ಮೇಲೆ ಸಹಜವಾಗಿ ನಿಂತಾಗ ಉಗುರು ನೆಲಕ್ಕೆ ತಾಗಬಾರದು. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಉದ್ದವಾಯಿತೆಂದೇ ಅರ್ಥ. ಪ್ರತಿ ಹೆಜ್ಜೆಗೂ ನೆಲ ಉಗುರನ್ನು ಹಿಂದಕ್ಕೆ ಒತ್ತುತ್ತದೆ, ಬೆರಳುಗಳು ಅಗಲಿಸಿಕೊಳ್ಳುತ್ತವೆ, ನಿಲುವೇ ಬದಲಾಗುತ್ತದೆ. ಕೀಲುನೋವಿರುವ ಮುದಿ ನಾಯಿಗೆ ನಯವಾದ ನೆಲದ ಮೇಲೆ ಏಳುವುದೇ ಕಷ್ಟವಾಗುತ್ತದೆ. ಒರಟು ನೆಲದಲ್ಲಿ ಓಡಾಡುವ ನಾಯಿಗಳ ಉಗುರು ತಾನೇ ಸವೆಯುತ್ತದೆ, ನಿಜ. ಆದರೆ ಮುಂಗಾಲಿನ ಒಳಬದಿಯಲ್ಲಿ, ಮೇಲಕ್ಕಿರುವ ಹೆಬ್ಬೆರಳಿನ ಉಗುರು ನೆಲ ಮುಟ್ಟುವುದಿಲ್ಲ. ಹೆಚ್ಚಿನ ನಾಯಿಗಳಲ್ಲಿ ಒಟ್ಟು 18 ಉಗುರುಗಳಿರುತ್ತವೆ; ಜನ 16 ಕತ್ತರಿಸಿ, ಕೂದಲಿನಲ್ಲಿ ಅಡಗಿರುವ ಈ ಎರಡನ್ನು ಮರೆಯುತ್ತಾರೆ. ಅದು ಸುರುಳಿ ಸುತ್ತಿ ಮಾಂಸಕ್ಕೆ ಚುಚ್ಚಿಕೊಂಡ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲೂ ಇದು ಇರುತ್ತದೆ, ತಡವಿ ನೋಡಿ.

ನಮ್ಮ ನೇಲ್ ಕಟರ್ ಚಪ್ಪಟೆ ಉಗುರಿಗೆ ಮಾಡಿದ್ದು. ನಾಯಿಯ ದುಂಡು ಉಗುರನ್ನು ಅದು ಅಕ್ಕಪಕ್ಕದಿಂದ ಹಿಸುಕಿ ಸೀಳುತ್ತದೆ. ಇಕ್ಕಳದಂತೆ ಎರಡು ಬಾಗಿದ ಅಲಗುಗಳಿರುವ ಕ್ಲಿಪ್ಪರ್ ಎಲ್ಲ ಗಾತ್ರದ ನಾಯಿಗೂ ಸರಿ. ಬಳೆಯೊಳಗೆ ಉಗುರು ತೂರಿಸಿ ಕತ್ತರಿಸುವ ಬಗೆಯದು ಸಣ್ಣ ನಾಯಿಗೆ ಪರವಾಗಿಲ್ಲ, ದಪ್ಪ ಉಗುರಿಗೆ ಒಗ್ಗುವುದಿಲ್ಲ. ಯಾವುದೇ ಆದರೂ ಅಲಗು ಹರಿತವಾಗಿರಬೇಕು. ಕ್ವಿಕ್‌ಗೆ ತಾಗದಿದ್ದರೂ ನಾಯಿ ಕಿರುಚಿಕೊಂಡರೆ, ಮೊಂಡು ಅಲಗು ಉಗುರನ್ನು ಹಿಸುಕಿದ್ದು ಕಾರಣವಿರಬಹುದು. ಸ್ನಾನವಾದ ಮೇಲೆ ಉಗುರು ಸ್ವಲ್ಪ ಮೆತ್ತಗಾಗಿರುತ್ತದೆ, ಆ ಹೊತ್ತು ಒಳ್ಳೆಯದು.

ಜಾರದ ಚಾಪೆಯ ಮೇಲೆ ನಾಯಿಯನ್ನು ನಿಲ್ಲಿಸಿ ಅಥವಾ ಮಲಗಿಸಿ. ಕಾಲನ್ನು ಪಕ್ಕಕ್ಕೆ ಎಳೆಯಬೇಡಿ. ಅದು ಮಡಚುವ ದಿಕ್ಕಿನಲ್ಲೇ ಹಿಂದಕ್ಕೆ ಮಡಚಿದರೆ ಅಂಗಾಲು ಮೇಲಾಗಿ ಉಗುರಿನ ಅಡಿಭಾಗ ಚೆನ್ನಾಗಿ ಕಾಣುತ್ತದೆ. ನಾಯಿಯ ಒಂದು ಬೆರಳನ್ನು, ಮೇಲೆ ನಿಮ್ಮ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು ಹಗುರವಾಗಿ ಹಿಡಿಯಿರಿ. ಉಗುರಿನ ಸುತ್ತಲ ಕೂದಲು ಸರಿಸಿ.

ಬಿಳಿ ಉಗುರಿನಲ್ಲಿ ಕ್ವಿಕ್ ಗುಲಾಬಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ಅದಕ್ಕಿಂತ 2 ಮಿಲಿಮೀಟರ್ ಮುಂದೆ, ಕತ್ತರಿಸಿದ ಮೈ ಅಂಗಾಲಿನ ಮೆತ್ತೆಗೆ ಸಮಾನಾಂತರವಾಗಿರುವಂತೆ ಓರೆಯಾಗಿ ಕತ್ತರಿಸಿದರೆ ಮುಗಿಯಿತು. ಕಷ್ಟವಿರುವುದು ಕಪ್ಪು ಉಗುರಿನಲ್ಲಿ. ಅದನ್ನು ಅಡಿಯಿಂದ ನೋಡಿದರೆ ತುದಿಯ ಬಳಿ ತೆಳ್ಳಗೆ, ಕೊಕ್ಕೆಯಂತೆ ಬಾಗಿ, ನಡುವೆ ತೋಡಿನಂಥ ಟೊಳ್ಳಿರುತ್ತದೆ. ಆ ಟೊಳ್ಳು ತುಂಬಿಕೊಂಡು ಉಗುರು ದಪ್ಪವಾಗುವ ಕಡೆಗೇ ಕ್ವಿಕ್ ಇರುವುದು. ಟೊಳ್ಳಿನ ಭಾಗವನ್ನು ಮೊದಲು ತೆಗೆಯಿರಿ, ಆಮೇಲೆ ಕಾಗದದಷ್ಟು ತೆಳ್ಳಗೆ ಒಂದೊಂದೇ ಪದರ ಕತ್ತರಿಸಿ, ಪ್ರತಿ ಸಲವೂ ಕತ್ತರಿಸಿದ ಮೈಯನ್ನು ನೋಡಿ. ಮೊದಮೊದಲು ಅದು ಒಣಗಿ, ಸುಣ್ಣದ ಪುಡಿಯಂತೆ ಬೂದುಬಿಳುಪಾಗಿರುತ್ತದೆ. ನಟ್ಟನಡುವೆ ಒದ್ದೆಯಾದ, ಹೊಳೆಯುವ ಗಾಢ ಚುಕ್ಕಿ ಮೂಡಿದ ಕ್ಷಣ ನಿಲ್ಲಿಸಬೇಕು. ಇನ್ನೊಂದು ಪದರ ತೆಗೆಯೋಣ ಎಂಬ ಆಸೆಯೇ ರಕ್ತ ಬರಿಸುವುದು. ಪಕ್ಕದ ಉಗುರು ಬಿಳಿಯಿದ್ದರೆ ಅದರಲ್ಲಿ ಕ್ವಿಕ್ ಎಲ್ಲಿಗೆ ಮುಗಿದಿದೆ ಎಂದು ನೋಡಿ ಅಂದಾಜು ಮಾಡಬಹುದು, ಆದರೆ ಅದನ್ನೇ ಪೂರ್ತಿ ನಂಬುವಂತಿಲ್ಲ.

ಉಗುರು ಸವೆಸುವ ಪುಟ್ಟ ಯಂತ್ರವಾದ ಗ್ರೈಂಡರ್‌ನಿಂದ ಉಜ್ಜುವುದಾದರೆ ಒಂದು ಉಗುರಿಗೆ ಎರಡು–ಮೂರು ಸೆಕೆಂಡ್ ಹಿಡಿದು ತೆಗೆಯಿರಿ, ಇಲ್ಲವಾದರೆ ಬಿಸಿಯಾಗಿ ಸುಡುತ್ತದೆ. ಉದ್ದ ಕೂದಲು ತಿರುಗುವ ತಲೆಗೆ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ.

ರಕ್ತ ಬಂದರೆ ಗಾಬರಿ ಬೇಡ, ನಾಯಿಗಿಂತ ಮೊದಲು ನಾವು ಕಿರುಚುವುದೂ ಬೇಡ. ನೆಲದ ಮೇಲಿನ ರಕ್ತ ನೋಡಿದರೆ ಅನ್ನಿಸುವಷ್ಟು ದೊಡ್ಡ ಗಾಯ ಅದಲ್ಲ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರನ್ನು ಒಂದು ಚಿಟಿಕೆ ಉಗುರಿನ ತುದಿಗೆ ಒತ್ತಿ ಎರಡು ನಿಮಿಷ ಬಿಡದೆ ಹಿಡಿಯಿರಿ; ಸ್ವಲ್ಪ ಉರಿಯುತ್ತದೆ. ಅದು ಇಲ್ಲದಿದ್ದರೆ ಕಾರ್ನ್‌ಫ್ಲೋರ್ ಒತ್ತಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬೇಕು. ನಿಂತಿತೇ ಎಂದು ಮತ್ತೆ ಮತ್ತೆ ಒರೆಸಿ ನೋಡಿದರೆ ಹೆಪ್ಪು ಕಿತ್ತುಬಂದು ಮೊದಲಿಗೇ ಮರಳುತ್ತದೆ. ಆಮೇಲೆ ಅರ್ಧ ಗಂಟೆ ಓಡಲು, ನೆಕ್ಕಲು ಬಿಡಬೇಡಿ. 15–20 ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ಡಾಬರ್‌ಮನ್‌ನಂಥ ತಳಿಗಳಲ್ಲಿ ರಕ್ತ ಹೆಪ್ಪುಗಟ್ಟುವ ದೋಷ ಹುಟ್ಟಿನಿಂದಲೇ ಇರುವುದುಂಟು.

ಈಗಾಗಲೇ ಹೆದರಿರುವ ನಾಯಿಗೆ ಕ್ಲಿಪ್ಪರ್ ತೋರಿಸುವ ಮೊದಲು ಕೆಲವು ದಿನ ಪಾದ ಮುಟ್ಟಿ ತಿನಿಸು ಕೊಡಿ. ಮುಟ್ಟುವುದು ಮೊದಲು, ತಿನಿಸು ಆಮೇಲೆ. ಕ್ರಮ ತಿರುವುಮುರುವಾದರೆ ತಿನಿಸು ಕಂಡರೇ ಓಡುವುದನ್ನು ಕಲಿಯುತ್ತದೆ. ನಂತರ ಕ್ಲಿಪ್ಪರ್ ಪಾದಕ್ಕೆ ತಾಗಿಸಿ ತಿನಿಸು, ಅದರ ಪಕ್ಕದಲ್ಲೇ ಒಣಕಡ್ಡಿ ಕತ್ತರಿಸಿ ಸದ್ದು ಕೇಳಿಸಿ ತಿನಿಸು. ಆಮೇಲೆ ದಿನಕ್ಕೆ ಒಂದೇ ಉಗುರು. ಆಕಳಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ತೋರಿಸುವುದು ಭಯದ ಗುರುತುಗಳು. ಗುರ್ರೆನ್ನುವವರೆಗೆ ಕಾಯದೆ ಅಲ್ಲಿಗೇ ನಿಲ್ಲಿಸಿ. ಕಾಲು ಮುಟ್ಟಲೇ ಬಿಡದ ನಾಯಿಗೆ, ಹಲಗೆಗೆ ಒರಟಾದ (80 ಗ್ರಿಟ್) ಸ್ಯಾಂಡ್ ಪೇಪರ್ ಅಂಟಿಸಿ ಓರೆಯಾಗಿಟ್ಟು ಕೆರೆಯುವುದನ್ನು ಕಲಿಸಬಹುದು. ಮುಂಗಾಲಿನ ಉಗುರು ಹೀಗೆ ಚೆನ್ನಾಗಿ ಸವೆಯುತ್ತದೆ. ಹೆಬ್ಬೆರಳಿನದಕ್ಕೆ ಮಾತ್ರ ಕ್ಲಿಪ್ಪರೇ ಬೇಕು.

ಮನೆಯಲ್ಲಿ ಕೈ ಹಾಕಬಾರದ ಉಗುರುಗಳೂ ಇವೆ. ಮಾಂಸಕ್ಕೆ ಚುಚ್ಚಿಕೊಂಡದ್ದು, ಬುಡದಲ್ಲಿ ಮುರಿದು ನೇತಾಡುವುದು, ಸುತ್ತ ಊದಿಕೊಂಡು ಕೀವಾಡುವುದು, ಒಂದಾದ ಮೇಲೊಂದು ಸೀಳಿ ಉದುರುವ ಉಗುರುಗಳು: ಇವು ವೈದ್ಯರ ಕೆಲಸ. ನೇತಾಡುವ ಚೂರನ್ನು ಎಳೆದು ಕೀಳಲು ಹೋಗದೆ, ಬಟ್ಟೆ ಸಡಿಲವಾಗಿ ಸುತ್ತಿ ಕರೆದೊಯ್ಯಿರಿ.

ಇತಿ,
ನಿಮ್ಮ ಪತ್ರಿಕೆಯ ಓದುಗ