ಮರಿ ತಗೊಳ್ಳೋಕೆ ಮುಂಚೆ ಉಗುರು ಎಣಿಸೋದು ಇನ್ನು ಸಾಕು ಮಾಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ನಾಯಿಮರಿ ತಗೊಳ್ಳೋಕೆ ಬಂದೋರು ಮೊದಲು ಕೇಳೋದು ಗಂಡಾ ಹೆಣ್ಣಾ ಅಂತ, ಆಮೇಲೆ ಉಗುರು ಎಣಿಸ್ತಾರೆ, ಇಪ್ಪತ್ತಿದ್ರೆ ಒಳ್ಳೆ ಕಾವಲು ನಾಯಿ ಆಗುತ್ತಂತೆ, ಇನ್ನು ಕೆಲವರು ಕಿವಿ ಹಿಡಿದು ಮೇಲಕ್ಕೆತ್ತಿ ನೋಡ್ತಾರೆ, ಕುಂಯ್ ಅನ್ನದಿದ್ರೆ ಗಟ್ಟಿ ಮರಿ ಅಂತೆ. ಮನೇಲಿ ಯಾರ್ಯಾರಿದಾರೆ, ಈ ಮರಿ ಸ್ವಭಾವ ಹೆಂಗೆ ಅಂತ ಮಾತ್ರ ಯಾರೂ ಕೇಳಲ್ಲ, ಕೊಡೋ ನಾವೂ ಹೇಳಲ್ಲ. ಈ ತಪ್ಪು ನಾನೇ ಮಾಡಿರೋದ್ರಿಂದ ಬರೀತಿದೀನಿ.

ನಮ್ಮ ಪಕ್ಕದ ಖಾಲಿ ಸೈಟಲ್ಲಿ ಬೀದಿನಾಯಿ ಒಂದು ಐದು ಮರಿ ಹಾಕಿತ್ತು. ಅದರಲ್ಲೊಂದು ಕಂದು ಮರಿ, ಯಾರು ಗೇಟ್ ತೆಗೆದ್ರೂ ಮೊದಲು ಓಡಿ ಬಂದು ಪ್ಯಾಂಟ್ ತುದಿ ಕಚ್ಚಿ ಜಗ್ಗೋದು. ನೋಡೋಕೆ ಬಂದ ಒಬ್ರು, ಅಯ್ಯೋ ಇದೇ ನನ್ ಹತ್ರ ಬಂತು ನೋಡಿ, ಋಣ ಇದೆ ಅಂತ ಎತ್ಕೊಂಡು ಹೋದ್ರು. ಎರಡನೇ ಫ್ಲೋರ್ ಮನೆ, ಗಂಡ ಹೆಂಡತಿ ಇಬ್ರೂ ಕೆಲಸಕ್ಕೆ, ಹಗಲೆಲ್ಲ ಇರೋದು ಮಂಡಿನೋವಿನ ಅಜ್ಜಿ ಒಬ್ರೇ. ಹನ್ನೆರಡನೇ ದಿನಕ್ಕೆ ಅದೇ ರಟ್ಟಿನ ಬಾಕ್ಸಲ್ಲಿ ವಾಪಸ್ ಬಂತು, ಅಜ್ಜಿ ಸೀರೆ ನೆರಿಗೆ ಹಿಡಿದು ಎಳೆದು ಅವರು ಬೀಳೋದೊಂದು ಬಾಕಿ ಇತ್ತಂತೆ. ಮರೀದೇನು ತಪ್ಪು, ಇಲ್ಲಿದ್ದಾಗ್ಲೂ ಅದನ್ನೇ ಮಾಡ್ತಿತ್ತಲ್ಲ. ಅದನ್ನ ಆರು ವಾರಕ್ಕೇ ಕೊಟ್ಟಿದ್ದು ನನ್ನ ಇನ್ನೊಂದು ತಪ್ಪು, ಮಾರೋ ಮರಿಗಂತೂ ಎಂಟು ವಾರ ಆಗೋ ತನಕ ಕೊಡಬಾರ್ದು ಅಂತ 2017ರ ಕೇಂದ್ರದ ನಿಯಮಾನೇ ಇದೆ.

ಆಮೇಲೆ ಓದಿ ತಿಳ್ಕೊಂಡೆ, ಮರಿ ಸ್ವಭಾವ ನೋಡೋಕೆ ಅಮೆರಿಕದ ವೋಲ್ಹಾರ್ಡ್ ದಂಪತಿ ಮಾಡಿದ ಒಂದು ಟೆಸ್ಟ್ ಇದೆ, ಮರಿಗೆ 49 ದಿನ ಆದಾಗ ಮಾಡೋದು. ಅದಕ್ಕೆ ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಮನುಷ್ಯ, ಒಂದ್ಸಲಕ್ಕೆ ಒಂದೇ ಮರಿ. ಕೂತು ಕರೆದ್ರೆ ಬರುತ್ತಾ, ಎದ್ದು ನಡೆದ್ರೆ ಹಿಂದೆ ಬರುತ್ತಾ, ಪೇಪರ್ ಉಂಡೆ ಎಸೆದ್ರೆ ತರುತ್ತಾ, ಕೊಡೆ ಬಿಚ್ಚಿದ್ರೆ ಏನ್ ಮಾಡುತ್ತೆ, ಹಿಂಗೆ ಹತ್ತು, ಒಂದೊಂದಕ್ಕೂ 1ರಿಂದ 6ರ ತನಕ ಅಂಕ. ಜಾಸ್ತಿ ಬಂದ್ರೆ ರ್ಯಾಂಕ್ ಅಂತಲ್ಲ, ಮೊದಲ ಸಲ ನಾಯಿ ಸಾಕೋರಿಗೆ ಹೆಚ್ಚಿನವಕ್ಕೆ 4 ಅಂಕ ಬಂದ ಮರಿನೇ ಸಲೀಸು ಅಂತಾರೆ. ಮರೀನ ಅಂಗಾತ ಮಲಗಿಸಿ ಅದುಮಿ ಹಿಡ್ಕೊಳ್ಳೋದೂ ಅದರಲ್ಲಿದೆ, ನಂಗ್ಯಾಕೋ ಹಿಡಿಸ್ಲಿಲ್ಲ, ಬಿಟ್ಟೆ.

ನಮ್ಮ ಮರಿಗಳಿಗೆ ಅಷ್ಟೊತ್ತಿಗೆ ಎಂಟು ವಾರ ಆಗ್ತಾ ಬಂದಿತ್ತು. ಅವು ನೋಡೇ ಇರದ ನನ್ನ ತಂಗಿ ಮಗನ್ನ ಕರೆಸಿ ಟೆರೇಸಲ್ಲಿ ಸ್ಟೀಲ್ ತಟ್ಟೆ ಬೀಳಿಸಿದ್ರೆ, ಕಂದು ಮರಿ ತಟ್ಟೆ ಮೇಲೇ ಬೊಗಳ್ಕೊಂಡು ಹೋಯ್ತು. ಕರಿ ಹೆಣ್ಣುಮರಿ ಬೆಚ್ಚಿಬಿದ್ದು ತುಳಸಿಕಟ್ಟೆ ಹಿಂದೆ ಓಡಿ, ಸ್ವಲ್ಪ ಹೊತ್ತಿಗೆ ಮೂತಿ ಮಾತ್ರ ಆಚೆ ಹಾಕಿ, ಮೆಲ್ಲಗೆ ಬಂದು ತಟ್ಟೆ ಮೂಸಿ ನೆಕ್ಕಿ ನೋಡ್ತು. ಬಿಳಿ ಮರಿ ಟ್ಯಾಂಕ್ ಹಿಂದೆ ಸೇರ್ಕೊಂಡಿದ್ದು ಕಾಲು ಗಂಟೆ ಆದ್ರೂ ಬರ್ಲಿಲ್ಲ. ಹೆದರಿಕೆ ಎಲ್ಲಕ್ಕೂ ಆಗುತ್ತೆ, ಎಷ್ಟೊತ್ತಿಗೆ ಸುಧಾರಿಸ್ಕೊಂಡು ಬರುತ್ತೆ ಅನ್ನೋದನ್ನ ನೋಡ್ಬೇಕಂತೆ. ಆ ಅಜ್ಜಿ ಮನೆಗೆ ಕರಿ ಮರಿ ಹೋಗ್ಬೇಕಿತ್ತು, ಆದ್ರೆ ಕಪ್ಪು, ಅದೂ ಹೆಣ್ಣು, ಯಾರೂ ಮುಟ್ಟಿ ಕೂಡ ನೋಡಿರ್ಲಿಲ್ಲ.

ಹಂಗಂತ ಇದನ್ನ ಜಾತಕದ ಥರ ನಂಬೋಕೂ ಆಗಲ್ಲ. ವಿಯೆನ್ನಾದ ಸಂಶೋಧಕರು ಬಾರ್ಡರ್ ಕೋಲಿ ಅನ್ನೋ ತಳಿಯ ನಾಯಿಮರಿಗಳನ್ನ ಆರೇಳು ವಾರಕ್ಕೆ ಪರೀಕ್ಷೆ ಮಾಡಿ, ದೊಡ್ಡವಾದ್ಮೇಲೆ ಮತ್ತೆ ನೋಡಿ 2014ರಲ್ಲಿ ಬರೆದಿದಾರೆ, ಹೊಸ ಜಾಗ ಹುಡುಕಾಡೋ ಗುಣ ಒಂದು ಬಿಟ್ರೆ ಬೇರೆ ಯಾವುದೂ ಅಷ್ಟಾಗಿ ತಾಳೆ ಆಗ್ಲಿಲ್ಲ ಅಂತ. ಮೂರರಿಂದ ಹನ್ನೆರಡು ವಾರದೊಳಗೆ ಮರಿ ಯಾರನ್ನ ನೋಡುತ್ತೆ, ಯಾವ ಸದ್ದು ಕೇಳುತ್ತೆ ಅನ್ನೋದೂ ಅದರ ಸ್ವಭಾವಕ್ಕೆ ಸೇರ್ಕೊಳ್ಳುತ್ತಲ್ಲ. ಆದ್ರೆ ಈ ನೆಪದಲ್ಲಿ ಒಂದೊಂದು ಮರೀನೂ ಬೇರೆ ಬೇರೆಯಾಗಿ ಹತ್ತು ನಿಮಿಷ ಕೂತು ನೋಡಿದ್ದು ನಾನು ಅದೇ ಮೊದಲು.

ಭಾನುವಾರ ಭಾನುವಾರ ದತ್ತು ಕ್ಯಾಂಪ್ ಮಾಡೋರಿಗೆ ನನ್ನದೊಂದು ರಿಕ್ವೆಸ್ಟ್. ಬುಟ್ಟೀಲಿ ಎಲ್ಲಾ ಮರಿ ಒಟ್ಟಿಗೆ ಇಟ್ಟು ಯಾವ್ದು ಬೇಕೋ ಆರಿಸ್ಕೊಳ್ಳಿ ಅನ್ನೋ ಬದಲು ಒಂದೊಂದಕ್ಕೂ ಒಂದು ಚೀಟಿ ಬರೆದಿಡಿ, ಇದು ಜಗ್ಗಾಡುತ್ತೆ, ಇದಕ್ಕೆ ಪಟಾಕಿ ಸದ್ದು ಆಗಲ್ಲ, ಇದು ತೊಡೆ ಮೇಲೇ ಇರುತ್ತೆ ಅಂತ. ಬಂದೋರ ಹತ್ರಾನೂ ಮನೇಲಿ ಚಿಕ್ಕ ಮಕ್ಕಳಿದಾರಾ, ಹಗಲು ಯಾರಿರ್ತಾರೆ, ವಾಕಿಂಗ್ ಯಾರು ಕರ್ಕೊಂಡ್ ಹೋಗ್ತಾರೆ ಕೇಳಿ. ಕಂದು ಮರಿ ಈಗ ಇಬ್ರು ಹೈಸ್ಕೂಲ್ ಹುಡುಗ್ರಿರೋ ತೋಟದ ಮನೇಲಿದೆ, ಜಗ್ಗೋಕೆ ಅವರೇ ಹಳೇ ಹಗ್ಗ ಕೊಟ್ಟಿದಾರಂತೆ. ಕರಿ ಮರಿ ಇನ್ನೂ ನಮ್ಮನೇಲೇ ಇದೆ.

ಇಂತಿ,
ಒಬ್ಬ ಓದುಗಿ, ಕುವೆಂಪುನಗರ, ಮೈಸೂರು