ಗೆಳೆಯನಿಗೊಂದು ಪತ್ರ: ಹಿಂದಿರುಗುವುದೋ, ಹಿಮ್ಮೆಟ್ಟುವುದೋ?

ಪ್ರಿಯ ಪೋಸ್ಟ್‌ಮಾಸ್ಟರನಿಗೆ,

ಧಾರವಾಡದ ಪ್ಲಾಟಿನ ವಿಷಯ ಏನು ಮಾಡಿದೆ ಎಂದು ನೀನು ಮತ್ತೆ ಕೇಳಿದ್ದಕ್ಕೆ ಉತ್ತರ ಬರೆಯಲು ಕುಳಿತವನು ಒಂದು ಕ್ರಿಯಾಪದದ ಬಳಿ ತಡವರಿಸುತ್ತಿದ್ದೇನೆ. ನಿವೃತ್ತಿಯ ನಂತರ ಅಲ್ಲಿಗೆ ಹೋಗಿ ನೆಲೆಸುವುದನ್ನು ನಾವಿಬ್ಬರೂ ಇಷ್ಟು ಕಾಲ ‘ಹಿಂದಿರುಗುವುದು’ ಎಂದೇ ಕರೆದುಕೊಂಡು ಬಂದೆವು. ಮುಂಬಯಿ ಪಕ್ಕದ ಈ ಡೊಂಬಿವಲಿಯ ನನ್ನ ನೆರೆಯವರ ಕಣ್ಣಿಗೆ ಮಾತ್ರ ಅದು ಈ ಊರಿನ ಖರ್ಚಿಗೂ ಲೋಕಲ್ ಗಾಡಿಯ ನೂಕುನುಗ್ಗಲಿಗೂ ಸೋತು ಹಿಮ್ಮೆಟ್ಟುವುದು.

ಹಿಮ್ಮೆಟ್ಟುವುದರಲ್ಲಿ ಮೆಟ್ಟುವ ಕಾಲಿದೆ, ಎದುರಿಗೊಬ್ಬ ವೈರಿಯಿದ್ದಾನೆ. ಆದ್ದರಿಂದಲೇ ಅವನನ್ನು ‘ಹಿಮ್ಮೆಟ್ಟಿಸಲೂ’ ಬರುತ್ತದೆ. ಹಿಂಜರಿಯುವವನು ಇನ್ನೂ ಹೆಜ್ಜೆಯನ್ನೇ ಎತ್ತಿರುವುದಿಲ್ಲ. ಹಿಂತೆಗೆದುಕೊಳ್ಳಲು ದೂರೋ, ಆದೇಶವೋ, ನಾಮಪತ್ರವೋ, ಏನಾದರೊಂದು ಕೈಯಲ್ಲಿರಬೇಕು. ಆದರೆ ಹಿಂದೆ ಸರಿಯಲು ವೈರಿಯೂ ಬೇಡ, ಸದ್ದೂ ಬೇಡ, ಮುಂಗಾರೂ ಸರಿಯುತ್ತದೆ. ಮುಂಬಯಿಯಿಂದ ಅದು ಸರಿಯುವ ವಾಡಿಕೆಯ ದಿನವನ್ನು ಹವಾಮಾನ ಇಲಾಖೆ 2020ರಲ್ಲಿ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 8ಕ್ಕೆ ಒಯ್ದಿತು. ಇಲ್ಲಿಂದ ಹೊರಡಲು ಮಳೆಗೂ ಮನಸ್ಸಿಲ್ಲ. ಮರಾಠಿಯವರು ‘ಮಾಘಾರ್’ ಎಂಬ ಒಂದೇ ಮಾತಿನಲ್ಲಿ ಸೈನ್ಯವನ್ನೂ ಚುನಾವಣೆಯ ಅಭ್ಯರ್ಥಿಯನ್ನೂ ಹಿಂದಕ್ಕೆ ಕರೆಸಿಕೊಳ್ಳುತ್ತಾರೆ. ನಮಗೆ ಆ ಸೌಕರ್ಯವಿಲ್ಲ.

ಈ ಪದಗಳನ್ನು ಮಗುಚುತ್ತಿರುವಾಗ ನೆನಪಾದದ್ದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಆ ಮುಷ್ಕರವನ್ನು ಅಧಿಕೃತವಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಕೆಲವರು ತಲೆ ತಗ್ಗಿಸಿ ಗಿರಣಿಗೆ ಮರಳಿದರು, ಅನೇಕರು ಕೊಂಕಣದ, ಘಟ್ಟದ ಮೇಲಿನ ತಮ್ಮ ಹಳ್ಳಿಗಳಿಗೆ ಹೋದರು. ಲಾಲ್‌ಬಾಗ್, ಪರೇಲಿನ ಗಿರಣಿಗಳ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದವು. ಜನರೆಲ್ಲ ಒಬ್ಬೊಬ್ಬರಾಗಿ ಸರಿದುಹೋದರೂ, ಕೈಬಿಟ್ಟೆವು ಎಂಬ ಮಾತನ್ನು ಮಾತ್ರ ಯಾರೂ ಸಾರಲಿಲ್ಲ.

ಅಷ್ಟು ದೊಡ್ಡ ಸಂಗತಿಯ ಪಕ್ಕದಲ್ಲಿ ನನ್ನದನ್ನು ಇಡಲು ಸಂಕೋಚವಾದರೂ ಹೇಳುತ್ತೇನೆ: ಊರಿಗೆ ಹಿಂದಿರುಗುವ ಮಾತಿನಿಂದ ನಾನು ಎಂದೋ ಸರಿದುಬಿಟ್ಟಿದ್ದೇನೆ, ಸಾರಿಲ್ಲ ಅಷ್ಟೇ. ಕಳೆದ ಸಲ ಧಾರವಾಡದ ಲೈನ್ ಬಜಾರಿನಲ್ಲಿ ಪೇಢೆಯ ಡಬ್ಬಿಗೆ ದಾರ ಸುತ್ತುತ್ತ ಅಂಗಡಿಯ ಹುಡುಗ “ಯಾವ ಊರಿಂದ ಬಂದೀರಿ ಸರ್?” ಎಂದು ಕೇಳಿದ. ಯೋಚಿಸದೆಯೇ “ಮುಂಬೈ” ಎಂದೆ. ಅವನು ದಾರವನ್ನು ಹಲ್ಲಿನಿಂದ ಕಡಿದು, “ದೂರ ಹೋಗಬೇಕಲ್ಲ, ಗಟ್ಟಿ ಕಟ್ಟೀನಿ” ಎಂದ. ಬೇಸರವಾಗಬೇಕಿತ್ತು, ಹಗುರವೆನಿಸಿತು. ಅವ್ವ ಹೋದ ಮೇಲೆ ಆ ಊರಿನಲ್ಲಿ ನನ್ನನ್ನು ‘ಬಾರೋ’ ಎನ್ನುವವರು ಯಾರೂ ಉಳಿದಿಲ್ಲ. ನೀನೊಬ್ಬ ಇರುವೆ ಎಂದುಕೊಂಡರೆ, ನೀನಿರುವುದು ಪುಣೆಯಲ್ಲಿ. ನಿನ್ನ ಪಕ್ಕದ ಪ್ಲಾಟಿಗೆ ಹೂಂ ಎಂದದ್ದು ಧಾರವಾಡದ ಆಸೆಗಿಂತ ಹೆಚ್ಚಾಗಿ, ಇಲ್ಲವೆಂದರೆ ನೀನು ಫೋನು ಮಾಡುವುದನ್ನು ಬಿಟ್ಟೀಯೆ ಎಂಬ ಭಯಕ್ಕೆ.

ಇಷ್ಟನ್ನು ಬರೆಯಬೇಕೆಂದಿರಲಿಲ್ಲ, ಅದೂ ಇಷ್ಟು ಜನ ಓದುವ ಕಡೆ. ಉತ್ತರಕುಮಾರನ ಪೌರುಷವೆಲ್ಲ ಒಲೆಯ ಮುಂದೆ ಎನ್ನುತ್ತಾರೆ. ನನ್ನದು ಮೊಬೈಲಿನ ಮುಂದೆ, ಮುಖಾಮುಖಿ ಸಿಕ್ಕಾಗ ಮಳೆ, ಮೊಣಕಾಲು ಎಂದು ಮಾತು ತೇಲಿಸುತ್ತೇನೆ. ಹಸಿರು ಕೊಡೆಯ ಪ್ರಕರಣವನ್ನು ಇಲ್ಲಿ ಎತ್ತಿಲ್ಲವೆಂಬುದನ್ನು ಗಮನಿಸಿ ಸ್ವಲ್ಪ ಕೃತಜ್ಞನಾಗಿರು. ಮತ್ತೆ, ಪ್ಲಾಟಿಗೆ ಕೊಟ್ಟ ಮುಂಗಡ ವಾಪಸ್ಸು ಸಿಗುತ್ತದೆಯೇ ವಿಚಾರಿಸು. ಆ ಹಣವನ್ನು ಹಿಂಪಡೆಯಲು ನಾನು ಕಿಂಚಿತ್ತೂ ಹಿಂಜರಿಯುವವನಲ್ಲ.

ನಿನ್ನ,
ಡೊಂಬಿವಲಿಯ ಉತ್ತರಕುಮಾರ