ಬಿಲ್‌ನಲ್ಲಿ ಮದರ್‌ಬೋರ್ಡ್ ಹೆಸರು ಬರೆದುಕೊಡಿ

ಮಾನ್ಯ ಸಂಪಾದಕರೇ,

ಪಿಯುಸಿ ರಿಸಲ್ಟ್ ಬಂತೆಂದರೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ‘ಗೇಮಿಂಗ್ ಪಿಸಿ’ ವ್ಯಾಪಾರ ಜೋರಾಗುತ್ತದೆ. ಓದಿಗೂ ಆಯ್ತು, ಆಟಕ್ಕೂ ಆಯ್ತು ಅಂತ ಮನೆಯವರು ಹೇಗೋ ದುಡ್ಡು ಹೊಂದಿಸುತ್ತಾರೆ. ಕೈಗೆ ಬರುವ ಬಿಲ್‌ನಲ್ಲಿ ಮಾತ್ರ ಒಂದೇ ಸಾಲು: ‘ಐ5 ಗೇಮಿಂಗ್ ಪಿಸಿ, 16 ಜಿಬಿ, 1 ಸೆಟ್’. ಒಳಗಿನ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್, ಯಾವುದು ಅಂತ ಎಲ್ಲೂ ಇರುವುದಿಲ್ಲ. ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಹೆಸರಿಗಾಗಿ.

ಟ್ರ್ಯಾಕ್ಟರ್ ಕೊಳ್ಳುವಾಗ ನಮ್ಮ ರೈತರು ಎಷ್ಟು ಎಚ್‌ಪಿ, ಯಾವ ವರ್ಷದ ಮಾಡೆಲ್, ಪಾರ್ಟ್ಸ್ ಎಲ್ಲಿ ಸಿಗುತ್ತವೆ ಅಂತ ಹತ್ತು ಕಡೆ ವಿಚಾರಿಸುತ್ತಾರೆ. ಅದೇ ಮಂದಿ ಕಂಪ್ಯೂಟರ್ ಅಂಗಡಿಯಲ್ಲಿ ‘ಐ5’ ಅಂದ ಕೂಡಲೇ ತಲೆ ಆಡಿಸುತ್ತಾರೆ. ಐ5 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳಿನ ಹೆಸರು. ಆ ಹೆಸರಿನಲ್ಲಿ 2012ರ ಮಾಲೂ ಇದೆ, 2022ರ ಮಾಲೂ ಇದೆ. ಎರಡರ ನಡುವೆ ಒಂಬತ್ತು ತಲೆಮಾರಿನ ಅಂತರ. ಒಂದು ಬೋರ್ಡ್ ಮೇಲೆ ಕೆಲವೇ ತಲೆಮಾರಿನ ಪ್ರೊಸೆಸರ್ ಕೂರುವುದರಿಂದ, ಬೋರ್ಡ್ ಹೆಸರು ಗೊತ್ತಾದರೆ ಇದು ತಕ್ಷಣ ಬಯಲಾಗುತ್ತದೆ.

ಈಚೆಗೆ ತುರ್ವಿಹಾಳ ಕಡೆಯ ರೈತರೊಬ್ಬರು ಮಗನ ಜೊತೆ ಬಂದಿದ್ದರು. ‘ಹೊಸಾದು ಅಂತ ಕೊಟ್ಟಾರ್ರೀ, ಆಟಾನೇ ಓಪನ್ ಆಗವಲ್ದು’ ಅಂದರು. ಹುಡುಗ ವ್ಯಾಲರಂಟ್ ಅನ್ನೋ ಆನ್‌ಲೈನ್ ಆಟ ಹಾಕಿದ್ದ. ವ್ಯಾನ್ 9001 ಅನ್ನೋ ಎರರ್ ಬರುತ್ತಿತ್ತು. ಗಾಜಿನ ಬಾಗಿಲು ತೆಗೆದೆ. ಬಣ್ಣ ಬಣ್ಣದ ಫ್ಯಾನುಗಳು, ಅವುಗಳ ಹಿಂದೆ ಅಂಗೈಗಿಂತ ಸ್ವಲ್ಪ ದೊಡ್ಡ ಬೋರ್ಡು. ಬೋರ್ಡ್ ಹೊಸದೇ, ಆದರೆ ಅದರ ಮೇಲೆ ಎಚ್61 ಅಂತ ಅಚ್ಚಾಗಿತ್ತು. ಕೂಲರ್ ಬಿಚ್ಚಿ ಪೇಸ್ಟ್ ಒರೆಸಿದರೆ ಕೆಳಗೆ ಅಂಚೆಲ್ಲ ಗೀರು ಬಿದ್ದ ಐ5-3470. ಯಾವುದೋ ಆಫೀಸಿನಿಂದ ತೆಗೆದ ಹಳೆಯ ಪ್ರೊಸೆಸರು. RAM ಕೂಡ ಹಳೆಯ ಕಾಲದ ಡಿಡಿಆರ್3.

ಎಚ್61 ಅಂದರೆ ಇಂಟೆಲ್ 2011ರಲ್ಲಿ ತಂದ ಚಿಪ್‌ಸೆಟ್, ಬೋರ್ಡಿನ ಭಾಗಗಳನ್ನು ಜೋಡಿಸಿ ನಡೆಸುವ ಚಿಪ್. ಎರಡನೇ, ಮೂರನೇ ತಲೆಮಾರಿನ ಪ್ರೊಸೆಸರ್ ಬಿಟ್ಟು ಬೇರೇನೂ ಅದರ ಮೇಲೆ ಕೂರುವುದಿಲ್ಲ. ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿದರೆ, ಅದನ್ನು ಸಿಕ್ಕಿಸುವ ಸಾಟಾ ಪೋರ್ಟ್ ಈಗಿನ ಬೋರ್ಡ್‌ಗಳ ಅರ್ಧ ವೇಗವನ್ನಷ್ಟೇ ಕೊಡುತ್ತದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನೋ ಸುರಕ್ಷತಾ ಸೌಲಭ್ಯಗಳು ಎರಡೂ ಬೇಕು. ಈ ಬೋರ್ಡ್‌ನಲ್ಲಿ ಟಿಪಿಎಂ 2.0 ಇಲ್ಲ. ಇನ್ನು ವಿಂಡೋಸ್ 10 ಹಾಕೋಣ ಅಂದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೋರ್ಡ್ ಬದಲಿಸಬೇಕೆಂದರೆ ಪ್ರೊಸೆಸರ್, RAM ಎಲ್ಲ ಹೊಸದು ಬೇಕು. ಆ ಯಜಮಾನರಿಗೆ ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯಿತು. ಬಿಲ್ಲಿಂಗ್, ಟೈಪಿಂಗ್ ಕೆಲಸಕ್ಕೆ ಅಂಥ ಮೆಷಿನ್ ಇವತ್ತಿಗೂ ನಡೆಯುತ್ತದೆ, ಹಳೇದು ಅಂತ ಹೇಳಿ ಆ ರೇಟಿಗೇ ಮಾರಲಿ. ಗೇಮಿಂಗ್ ಅಂತ ಹೆಸರಿಟ್ಟು ಮಾರಬಾರದು.

ಹಾಗಾದರೆ ಕಡಿಮೆ ದುಡ್ಡಿಗೆ ಯಾವ ಬೋರ್ಡ್ ಅಂತ ಕೇಳಿದರೆ, ನಾನು ಹೇಳುವುದು ಎಎಂಡಿ ಕಂಪನಿಯ ಬಿ450 ಇಲ್ಲವೇ ಬಿ550 ಚಿಪ್‌ಸೆಟ್ ಇರುವ ಬೋರ್ಡ್, ಅದರ ಮೇಲೆ ರೈಝನ್ 5 5600 ಪ್ರೊಸೆಸರ್. ಇಂಟೆಲ್‌ನಲ್ಲಿ ಎಚ್610 ಮೇಲೆ ಐ3-12100ಎಫ್ ಹಾಕಿದರೂ ಚೆನ್ನಾಗಿಯೇ ಇರುತ್ತದೆ. ಹಳೆಯ ಸ್ಟಾಕ್‌ನ ಬಿ450 ಆದರೆ ಬಯಾಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗದೆ ಡಿಸ್‌ಪ್ಲೇ ಬರದೇ ಹೋಗಬಹುದು. ಅದಕ್ಕೇ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. RAM ರೇಟು ಏರಿರುವ ಈ ಹೊತ್ತಿನಲ್ಲಿ ಮನೆಯಲ್ಲಿ ಡಿಡಿಆರ್4 RAM ಇದ್ದರೆ ಅದನ್ನು ಬಿಡಬೇಡಿ. ಇದ್ದ RAM ಯಾವ ಬೋರ್ಡ್‌ಗೆ ಕೂರುತ್ತದೆ ಅಂತ ನೋಡಿಯೇ ಬೋರ್ಡ್ ಆರಿಸಿ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲೂ ಬೋರ್ಡ್ ಮುಖ್ಯ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಅಗ್ಗ ಅಂತ ಹುಡುಗರು ಅದರ ಹಿಂದೆ ಬೀಳುತ್ತಾರೆ. ಆ ಕಾರ್ಡ್‌ಗೆ ನಾಲ್ಕೇ ಲೇನ್, ಅಂದರೆ ಬೋರ್ಡ್ ಜೊತೆ ಡೇಟಾ ಓಡಾಡುವ ದಾರಿ ನಾಲ್ಕೇ. ಆ ದಾರಿಗೆ ಪಿಸಿಐಇ ಅಂತಾರೆ, ಅದರ ವೇಗದ 4.0 ಇರುವ ಬೋರ್ಡ್‌ನಲ್ಲಿ ಅದು ಸಲೀಸಾಗಿ ಓಡುತ್ತದೆ. ಎ520, ಬಿ450 ಬೋರ್ಡ್‌ಗಳಲ್ಲಿ 3.0 ಮಾತ್ರ, ಅಲ್ಲಿ ಅದೇ ಕಾರ್ಡ್ ಎಷ್ಟೋ ಆಟಗಳಲ್ಲಿ ಏದುಸಿರು ಬಿಡುತ್ತದೆ. ಬಿ550 ಕೊಂಡು ಅದರ ಮೇಲೆ ರೈಝನ್ 5 5500 ಹಾಕಿದರೂ ಇದೇ ಕಥೆ, ಯಾಕಂದರೆ ಆ ಪ್ರೊಸೆಸರ್‌ನಲ್ಲೇ 4.0 ಇಲ್ಲ. ಆರ್‌ಎಕ್ಸ್ 6600ಕ್ಕೆ ಎಂಟು ಲೇನ್ ಇರುವುದರಿಂದ ಹಳೆಯ ಬೋರ್ಡ್‌ನಲ್ಲೂ ಅಷ್ಟು ತೊಂದರೆ ಇಲ್ಲ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಬೆಂಗಳೂರಿನವರ ವಿಡಿಯೊಗಳಲ್ಲಿ ಯಾರೂ ಹೇಳುವುದಿಲ್ಲ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಪ್ರೊಸೆಸರ್ ಪಕ್ಕದಲ್ಲಿ ಸಾಲಾಗಿ ಕೂತಿರುವ ಸಣ್ಣ ಚೌಕದ ಕಾಯಿಲ್‌ಗಳು ಮತ್ತು ಅವುಗಳ ಜೊತೆಯ ಪುಟ್ಟ ಕಪ್ಪು ಚಿಪ್‌ಗಳು ಕಾಣುತ್ತವಲ್ಲ, ಅದೇ ವಿಆರ್‌ಎಂ. ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಇಳಿಸಿಕೊಡುವುದು ಅದರ ಕೆಲಸ. ಅಗ್ಗದ ಬೋರ್ಡ್‌ಗಳಲ್ಲಿ ಇದರ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇರುವುದಿಲ್ಲ. ತಗಡಿನ ಮನೆಯಲ್ಲಿ ಮಧ್ಯಾಹ್ನ ಆಟ ಹಚ್ಚಿದರೆ ವಿಆರ್‌ಎಂ ಕಾದು, ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ತಟಕ್ಕನೆ ಜರ್ಕ್ ಹೊಡೆಯುತ್ತದೆ. ಐ3-12100ಎಫ್ ಹೆಚ್ಚೆಂದರೆ 89 ವ್ಯಾಟ್ ಎಳೆಯುತ್ತದೆ, ಬರೀ ಮೈಯ ಬೋರ್ಡೂ ತಡೆದುಕೊಳ್ಳಬಹುದು. ಅದೇ ಬೋರ್ಡ್ ಮೇಲೆ 180 ವ್ಯಾಟ್‌ವರೆಗೆ ಹೋಗುವ ಐ7-12700 ಕೂರಿಸಿದವರನ್ನೂ ನೋಡಿದ್ದೇನೆ. ಫ್ಯಾನಿನ ಲೈಟಿಗೆ ಹಾಕುವ ದುಡ್ಡನ್ನು ಹೀಟ್‌ಸಿಂಕ್ ಇರುವ ಬೋರ್ಡಿಗೆ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅಂಗಡಿಯವರಿಗೆ ನನ್ನ ವಿನಂತಿ ಇಷ್ಟೇ. ಬೋರ್ಡ್‌ನ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಪ್ರೊಸೆಸರ್‌ನ ಪೂರ್ತಿ ನಂಬರ್, ಹೊಸದೋ ಹಳೇದೋ, ಇಷ್ಟನ್ನು ಬಿಲ್‌ನಲ್ಲಿ ಬರೆಯಿರಿ. ಮಾಲಿನ ವಿವರ ಬಿಲ್‌ನಲ್ಲಿ ಇರಬೇಕು ಅಂತ ಜಿಎಸ್‌ಟಿ ನಿಯಮವೇ ಇದೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬೋರ್ಡ್ ಸುಟ್ಟಾಗ ವಾರಂಟಿ ಕೇಳಲು ಆ ಸೀರಿಯಲ್ ನಂಬರ್ ಬೇಕೇ ಬೇಕು.

ಈಗಾಗಲೇ ಕೊಂಡವರು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೋ32 ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಬೇಸ್‌ಬೋರ್ಡ್ ಅನ್ನೋ ಸಾಲಿನಲ್ಲಿ ಬೋರ್ಡ್ ಹೆಸರು ಸಿಗುತ್ತದೆ. ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿದ್ದರೆ ಮೊದಲು ಅಂಗಡಿಯಲ್ಲಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಹೈದರಾಬಾದ್‌ನಿಂದ ತಂದ ಮಾಲಾದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇಂತಿ,
ಕಂಪ್ಯೂಟರ್ ರಿಪೇರಿ ಮಾಡುವ ನಿಮ್ಮ ಓದುಗ,
ಸಿಂಧನೂರು, ರಾಯಚೂರು ಜಿಲ್ಲೆ